ಗುಜರಿಯ ಟ್ರಂಕಿಗೆ ಹಬ್ಬದ ಬಣ್ಣ

ಗಣೇಶನನ್ನು ನೀರಿಗೆ ಬಿಟ್ಟು ಬಂದ ಮೇಲೆ ನವರಾತ್ರಿಯ ಪಾಡ್ಯಕ್ಕೆ ಮೂರು ವಾರ ಚಿಲ್ಲರೆ ಸಮಯ ಉಳಿದಿರುತ್ತದೆ. ಹಳೆಯ ಸಾಮಾನಿಗೆ ಬಣ್ಣ ಬಳಿದು ಮನೆಯನ್ನು ಹಬ್ಬಕ್ಕೆ ಅಣಿಗೊಳಿಸಲು ಇದು ತಕ್ಕ ಹೊತ್ತು. ಮಳೆ ನಡುನಡುವೆ ಬಿಡುವು ಕೊಡುತ್ತದೆ, ಬಿಸಿಲು ಹದವಾಗಿರುತ್ತದೆ. ಪಕ್ಷಮಾಸದಲ್ಲಿ ಯಾವ ವಸ್ತುವನ್ನೂ ಮನೆಗೆ ತರಬಾರದು ಎನ್ನುವವರು ಅದಕ್ಕೂ ಮೊದಲೇ ಗುಜರಿ ಅಂಗಡಿಗೆ ಹೋಗಿ ಬರಲಿ. ಪಕ್ಷದ ದಿನಗಳನ್ನು ತೊಳೆಯಲು, ತಿಕ್ಕಲು ಇಟ್ಟುಕೊಳ್ಳಬಹುದು.

ನಾನು ಇಲ್ಲಿ ಹೆಚ್ಚು ಹೇಳುವುದು ತಗಡಿನ ಟ್ರಂಕಿನ ಬಗ್ಗೆ. ಹಾಸ್ಟೆಲಿಗೆ ಹೊರಟ ಹುಡುಗರ, ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳ ಜೊತೆ ಹೋಗುತ್ತಿದ್ದ ಈ ಟ್ರಂಕುಗಳು ಈಗ ಅಟ್ಟದಿಂದ ಇಳಿದು ಗುಜರಿ ಸೇರಿವೆ. ಒಂದು ದೊಡ್ಡದು, ಒಂದು ಚಿಕ್ಕದು ಸಿಕ್ಕರೆ ನವರಾತ್ರಿಗೆ ಗೊಂಬೆ ಮೆಟ್ಟಿಲಾಗುತ್ತವೆ. ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಅದರೊಳಗೇ ಇಟ್ಟು ಹಾಲಿನಲ್ಲಿ ಟೀಪಾಯಿಯಂತೆ ಬಳಸಬಹುದು. ಇಷ್ಟು ಕೆಲಸಕ್ಕೆ ಬರುವ ವಸ್ತು ಗುಜರಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಬಳಿಯುವುದು ಈ ಕೆಲಸದ ಚಿಕ್ಕ ಭಾಗ. ಬಣ್ಣ ಎರಡೇ ತಿಂಗಳಲ್ಲಿ ಎದ್ದು ಬಂತು ಎಂದು ದೂರುವವರಲ್ಲಿ ಹೆಚ್ಚಿನವರು ತೊಳೆಯುವ, ತಿಕ್ಕುವ, ಒಣಗಿಸುವ ಕೆಲಸವನ್ನು ಅರ್ಧಕ್ಕೇ ಮುಗಿಸಿರುತ್ತಾರೆ.

ಗುಜರಿಯಲ್ಲಿ ಏನು ನೋಡಬೇಕು

ಬೆಂಗಳೂರಿನವರಿಗೆ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಸಂಡೆ ಬಜಾರ್ ಇದೆ, ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಬೇರೆ ಊರುಗಳಲ್ಲಿ ಗುಜರಿಯವರ ಜೊತೆಗೆ, ಕೆಡವಿದ ಮನೆಗಳ ಮರಮುಟ್ಟು ಮಾರುವವರ ಬಳಿಯೂ ಒಮ್ಮೆ ಕೇಳಿ ನೋಡಿ.

ಟ್ರಂಕನ್ನು ಬೋರಲು ಹಾಕಿ ತಳವನ್ನು ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ. ತಗಡು ಗಟ್ಟಿಯಾಗಿದ್ದರೆ ಮೇಲಿನ ತುಕ್ಕಿಗೆ ಹೆದರಬೇಕಾಗಿಲ್ಲ. ಬೆರಳಿನ ಕೆಳಗೆ ಚರಚರ ಎಂದರೆ, ಪದರ ಪದರವಾಗಿ ಏಳುತ್ತಿದ್ದರೆ ಬಿಟ್ಟುಬಿಡಿ. ಅಂಗಡಿಯವರ ಎದುರಿಗೇ ಮುಚ್ಚಳವನ್ನು ತೆರೆದು ಮುಚ್ಚಿ ಕೀಲು, ಚಿಲಕ ಸರಿಯಾಗಿ ಕೂರುತ್ತವೆಯೇ ನೋಡಿ. ನೆಗ್ಗಿದ್ದರೆ ಚಿಂತೆಯಿಲ್ಲ, ಒಳಗಿನಿಂದ ಮರದ ತುಂಡು ಇಟ್ಟು ತಟ್ಟಿದರೆ ಬಹುಪಾಲು ಸರಿಯಾಗುತ್ತದೆ.

ಮರದ ಸಾಮಾನು ಕೊಳ್ಳುವುದಾದರೆ ಸಣ್ಣ ತೂತುಗಳಿಂದ ಹೊಸ ಹುಡಿ ಉದುರುತ್ತಿದೆಯೇ ನೋಡಿ. ಉದುರುತ್ತಿದ್ದರೆ ಒಳಗೆ ಕುಟ್ಟೆ ಇನ್ನೂ ಬದುಕಿದೆ ಎಂದರ್ಥ, ಅದು ಮನೆಯ ಬಾಗಿಲಿಗೂ ಹತ್ತಬಹುದು. ಕುರ್ಚಿ, ಮಂಚದ ಸಂದುಗಳಲ್ಲಿ ಕಪ್ಪು ಚುಕ್ಕೆಗಳಿದ್ದರೆ ತಿಗಣೆಯ ಗುರುತು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡನ್ನಂತೂ ಪುಕ್ಕಟೆ ಕೊಟ್ಟರೂ ತರಬೇಡಿ.

ಯಾವುದಕ್ಕೆ ಬಣ್ಣ ಬಳಿಯಬಾರದು ಎಂಬುದೂ ಇಲ್ಲಿಯೇ ತೀರ್ಮಾನವಾಗಲಿ. ಹಳೆಯ ತೇಗ, ಬೀಟೆ, ಹಲಸಿನ ಮರಕ್ಕೆ ಎನಾಮಲ್ ಎಂಬ ಎಣ್ಣೆ ಬಣ್ಣ ಬಳಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವುಗಳನ್ನು ತಿಕ್ಕಿ ಮೇಣದ ಪಾಲಿಶ್ ಹಾಕಿದರೆ ಸಾಕು. ಹಿತ್ತಾಳೆಯೂ ಹಾಗೆಯೇ. ಹಿತ್ತಾಳೆ ಹೌದೋ ಅಲ್ಲವೋ ಎಂದು ತಿಳಿಯಲು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅದು ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿನದು ಬರೀ ಲೇಪ. ಅಂಟದಿದ್ದರೆ ಮನೆಗೆ ತಂದು ಹುಣಸೆಹಣ್ಣು, ಉಪ್ಪು ಹಾಕಿ ಬೆಳಗಿ.

ತೊಳೆಯುವುದು, ತಿಕ್ಕುವುದು

ಬಟ್ಟೆ ಸೋಪಿನ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಟ್ರಂಕಿನ ಒಳಹೊರಗನ್ನು ಉಜ್ಜಿ ತೊಳೆಯಿರಿ. ಎಣ್ಣೆಯ ಜಿಡ್ಡು ಒಂದಿಷ್ಟು ಉಳಿದರೂ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಟ್ರಂಕಿನ ಅಂಚಿನ ತಗಡನ್ನು ಒಳಕ್ಕೆ ಮಡಿಚಿರುತ್ತಾರೆ, ನೀರು ಆ ಮಡಿಕೆಯೊಳಗೆ ಅಡಗಿ ಕೂರುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಬೋರಲು ಹಾಕಿ ಇಡೀ ದಿನ ಒಣಗಿಸಿ, ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಿ.

ತಿಕ್ಕುವ ಮೊದಲು ಎಚ್ಚರಿಕೆಯ ಮಾತೊಂದಿದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಗುಜರಿಯ ಸಾಮಾನಿನ ಮೇಲಿರುವ ಬಣ್ಣ ಅದಕ್ಕಿಂತ ಹಳೆಯದು, ಅದರಲ್ಲಿ ಸೀಸ ಇರಬಹುದು ಎಂದೇ ಎಣಿಸಿ ಕೆಲಸ ಮಾಡಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೆಡುಕು. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ನೀರಿನಲ್ಲಿ ಬಳಸುವ ವಾಟರ್ ಪೇಪರ್ ತಂದು, ನೀರು ಚಿಮುಕಿಸುತ್ತಾ ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ. ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಸರನ್ನು ಬಟ್ಟೆಯಿಂದ ಒರೆಸಿ ತೆಗೆದು ಕಟ್ಟಿ ಬಿಸಾಡಿ. ಮಕ್ಕಳು, ಗರ್ಭಿಣಿಯರು ಆ ಕಡೆ ಸುಳಿಯದಿರಲಿ. ಹಳೆಯ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ಕೀಳುವ ಅಗತ್ಯವೂ ಇಲ್ಲ, ಅದರ ಹೊಳಪು ಹೋಗುವಷ್ಟು ಉಜ್ಜಿದರೆ ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತದೆ.

ಬಣ್ಣವಿಲ್ಲದ, ಬರೀ ತುಕ್ಕು ಹಿಡಿದ ಜಾಗಕ್ಕೆ ಮೊದಲು ತಂತಿ ಬ್ರಷ್, ಆಮೇಲೆ 80ನೇ ನಂಬರಿನ ಎಮರಿ ಪೇಪರ್, ಕೊನೆಗೆ 120. ಕಂದು ಹುಡಿ ನಿಂತು ಬೂದು ಬಣ್ಣದ ತಗಡು ಕಾಣುವವರೆಗೆ ಬಿಡಬೇಡಿ. ಕೀಲಿನ ಸುತ್ತ ಬೆರಳು ಹೋಗದ ಕಡೆ ಹಳೆಯ ಹಲ್ಲುಜ್ಜುವ ಬ್ರಷ್ ಉಪಯೋಗಕ್ಕೆ ಬರುತ್ತದೆ. ಎಲ್ಲ ಮುಗಿದ ಮೇಲೆ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ.

ಕೆಲವು ಟ್ರಂಕುಗಳ ಮುಚ್ಚಳದ ಮೇಲೆ ಒಡೆಯರ ಹೆಸರು, ಊರು ಬಿಳಿ ಅಕ್ಷರಗಳಲ್ಲಿ ಬರೆದಿರುತ್ತದೆ. ಸೈನ್‌ಬೋರ್ಡ್ ಬರೆಯುವವರ ಕೈಯಲ್ಲಿ ಮೂಡಿದ ದುಂಡನೆಯ ಕನ್ನಡ ಅಕ್ಷರಗಳು ಅವು. ದಯವಿಟ್ಟು ಅದನ್ನು ಅಳಿಸಬೇಡಿ. ಸುತ್ತ ಟೇಪು ಅಂಟಿಸಿ ಆ ಚೌಕವನ್ನು ಹಾಗೆಯೇ ಉಳಿಸಿ, ಕೊನೆಯಲ್ಲಿ ಅದರ ಮೇಲೊಂದು ಕೋಟ್ ಬಣ್ಣವಿಲ್ಲದ ವಾರ್ನಿಷ್ ಕೊಡಿ. ನೀವು ಬರೆಯುವ ಯಾವ ಹೂಬಳ್ಳಿಗಿಂತಲೂ ಅದು ಚೆನ್ನಾಗಿ ಕಾಣುತ್ತದೆ.

ಪ್ರೈಮರ್, ಆಮೇಲೆ ಬಣ್ಣ

ಬಣ್ಣಕ್ಕೂ ಮೊದಲು ಬಳಿಯುವ ಅಡಿಪದರವೇ ಪ್ರೈಮರ್. ತುಕ್ಕು ಹಿಡಿಯುವ ಕಬ್ಬಿಣದ ತಗಡಾದರೆ ರೆಡ್ ಆಕ್ಸೈಡ್ ಪ್ರೈಮರ್ ಸಾಕು. ತಗಡಿನ ಮೇಲೆ ಹರಳು ಹರಳಾದ ಬೂದು ಹೊಳಪು ಕಂಡರೆ ಅದು ಸತುವಿನ ಲೇಪವಿರುವ ಜಿ.ಐ. ತಗಡು. ಇದರ ಮೇಲೆ ಎನಾಮಲ್ ನೇರವಾಗಿ ಬಳಿದರೆ ಸತುವಿಗೂ ಬಣ್ಣದ ಎಣ್ಣೆಗೂ ಸೇರಿಕೆಯಾಗಿ ಸೋಪಿನಂಥ ಪದರ ಹುಟ್ಟುತ್ತದೆ, ಬಣ್ಣ ಹಾಳೆಯಂತೆ ಕಳಚುತ್ತದೆ. ಬಣ್ಣದ ಅಂಗಡಿಯಲ್ಲಿ ಜಿ.ಐ. ತಗಡಿಗೆ ಹಾಕುವ ಪ್ರೈಮರ್ ಎಂದೇ ಕೇಳಿ ತನ್ನಿ.

ಪ್ರೈಮರ್ ತೆಳ್ಳಗಿರಲಿ, ಒಂದು ರಾತ್ರಿ ಒಣಗಲಿ. ಮರುದಿನ 220ನೇ ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ ಒರೆಸಿ. ಎನಾಮಲ್ ಡಬ್ಬವನ್ನು ಕುಲುಕಬೇಡಿ, ಕುಲುಕಿದರೆ ಗುಳ್ಳೆ ಏಳುತ್ತವೆ. ತಳದಲ್ಲಿ ಕೂತ ಬಣ್ಣ ಮೇಲೆ ಬರುವಂತೆ ಕೋಲಿನಿಂದ ಕದಡಿ. ಮೊದಲು ಅಂಚು, ಮೂಲೆಗಳಿಗೆ ಸಣ್ಣ ಬ್ರಷ್ಷಿನಲ್ಲಿ ಬಳಿದು, ನಂತರ ಎರಡು ಇಂಚಿನ ಬ್ರಷ್ಷಿನಿಂದ ಅಗಲದ ಭಾಗಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ನೆರಳಿನಲ್ಲಿ, ಗಾಳಿಯಾಡುವ ಕಡೆ ಕೆಲಸ ಮಾಡಿ. ಸುಡುವ ಬಿಸಿಲಿನಲ್ಲಿ ಮೇಲ್ಪದರ ಬೇಗ ಒಣಗಿ ಒಳಗೆ ಹಸಿ ಉಳಿಯುತ್ತದೆ, ಜಡಿಮಳೆಯ ದಿನ ಒಣಗುವುದೇ ಇಲ್ಲ. ಒಂದೇ ದಪ್ಪ ಕೋಟಿಗಿಂತ ಎರಡು ತೆಳು ಕೋಟು ಮೇಲು, ನಡುವೆ ಒಂದು ರಾತ್ರಿ ಬಿಡುವಿರಲಿ.

ಬಣ್ಣ ಎರಡೇ ಸಾಕು. ಮೈಗೆ ಬಾಳೆಎಲೆಯ ಹಸಿರು, ಅಂಚಿಗೆ ಕುಂಕುಮದ ಕೆಂಪು ನನಗೆ ಇಷ್ಟ. ಮುಂಬದಿಗೆ ಮಾತ್ರ ಚಿತ್ರವಿರಲಿ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಕಮಲವನ್ನೋ ಗಿಳಿಯನ್ನೋ ಕತ್ತರಿಸಿ ತೆಗೆದರೆ ಬಾಳಿಕೆಯ ಅಚ್ಚು ಸಿದ್ಧ. ಅದನ್ನು ಟೇಪಿನಿಂದ ನಿಲ್ಲಿಸಿ, ಸ್ಪಂಜನ್ನು ಬಣ್ಣಕ್ಕೆ ತಾಕಿಸಿ, ಹೆಚ್ಚಿನದನ್ನು ಪತ್ರಿಕೆಯ ಮೇಲೆ ಒತ್ತಿ ತೆಗೆದು, ಆಮೇಲೆ ಒತ್ತಿ. ಸ್ಪಂಜು ಹಸಿಯಾಗಿದ್ದರೆ ಬಣ್ಣ ಅಚ್ಚಿನಡಿ ನುಗ್ಗಿ ಗೆರೆ ಕೆಡುತ್ತದೆ.

ಮೆಟ್ಟಿಲು ಕಟ್ಟುವುದು

ಗೊಂಬೆ ಮೆಟ್ಟಿಲು ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲಿರುವುದು ರೂಢಿ. ಫ್ಲ್ಯಾಟಿನ ಹಾಲಿಗೆ ಮೂರು ಧಾರಾಳ. ಹಿಂದೆ ದೊಡ್ಡ ಟ್ರಂಕು, ಅದರ ಮುಂದೆ ಚಿಕ್ಕದು, ಕೆಳಗೆ ಸಾಲಾಗಿ ಮಣೆಗಳು. ಎರಡು ಟ್ರಂಕುಗಳ ಎತ್ತರದಲ್ಲಿ ಅಂತರ ಸಾಲದಿದ್ದರೆ ಹಿಂದಿನದರ ಅಡಿಗೆ ಇಟ್ಟಿಗೆ ಇಡಿ. ಅಲುಗಾಡದಂತೆ ಒಳಗೆ ಹಳೆಯ ಪುಸ್ತಕ ತುಂಬಿ. ಬಿಳಿ ಪಂಚೆಯನ್ನು ಮೇಲ್ಮೈಗೆ ಮಾತ್ರ ಹಾಸಿ, ನೀವು ಬರೆದ ಮುಂಬದಿ ಕಾಣಲಿ. ಪಟ್ಟದ ಗೊಂಬೆಗಳು ಮೇಲಿನ ಸಾಲಿನಲ್ಲಿ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಕಿನ್ನಾಳದ ಗೊಂಬೆಗಳು ಅದರ ಕೆಳಗೆ. ಗುಜರಿಯಲ್ಲಿ ಸಿಕ್ಕ ಸೇರು, ಪಾವು, ಪುಟ್ಟ ತಕ್ಕಡಿ ಇದ್ದರೆ ಕೆಳಗಿನ ಸಾಲಿನ ಶೆಟ್ಟರ ಅಂಗಡಿ ಕಳೆಗಟ್ಟುತ್ತದೆ.

ಚಿತ್ತಾರದ ಬುಟ್ಟಿ

ನವರಾತ್ರಿ ಮುಗಿದು ಐದಾರು ದಿನಕ್ಕೆ ಭೂಮಿ ಹುಣ್ಣಿಮೆ. ಉತ್ತರ ಕರ್ನಾಟಕದಲ್ಲಿ ಅದೇ ಶೀಗಿ ಹುಣ್ಣಿಮೆ. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಆ ದಿನಕ್ಕೆಂದು ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಮಾಡಿದ ಅಡುಗೆಯನ್ನು ಅದರಲ್ಲಿಟ್ಟು ಗದ್ದೆಗೆ ಒಯ್ದು ಬಯಕೆ ತುಂಬಿದ ಭೂಮಿತಾಯಿಗೆ ಉಣಿಸುತ್ತಾರೆ. ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬರೆಯಲು ಪುಂಡಿ ನಾರು. ಅಲಂಕಾರಕ್ಕಾಗಿ ನಾವು ಅದನ್ನು ಕಲಿಯುವಾಗ ಅದು ಯಾರ ಕಲೆ, ಯಾವ ಹಬ್ಬದ್ದು ಎಂದು ಮನೆಗೆ ಬಂದವರಿಗೆ ಹೇಳಬೇಕು.

ಬುಟ್ಟಿಯನ್ನು ಮಾತ್ರ ಗುಜರಿಯಲ್ಲಿ ಹುಡುಕಬೇಡಿ. ಹಳೆಯ ಬಿದಿರಿಗೆ ಕುಟ್ಟೆ ಬೇಗ ಹತ್ತುತ್ತದೆ. ಸಂತೆಯಲ್ಲಿ ಮೇದಾರರ ಬಳಿ ಹೊಸದನ್ನೇ ಕೊಳ್ಳಿ. ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನೀರು ಮತ್ತು ಎರಡು ಚಮಚ ಫೆವಿಕಾಲ್ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಎರಡು ಬಾರಿ ಬಳಿದು ಒಣಗಿಸಿ. ನಾಲ್ಕೈದು ಗಂಟೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಸೋಸಿಕೊಳ್ಳಿ. ಇದರಲ್ಲಿ ಬರೆಯುವಾಗ ಗೆರೆ ಮೊದಲು ನೀರಿನ ಗೆರೆಯಂತೆ ಮಸುಕಾಗಿ ಕಾಣುತ್ತದೆ. ಕಾಣುವುದಿಲ್ಲವೆಂದು ಮತ್ತೆ ಮತ್ತೆ ತಿದ್ದಬೇಡಿ. ಹತ್ತು ನಿಮಿಷ ಕಾದರೆ ಒಣಗುತ್ತಾ ಒಣಗುತ್ತಾ ಬೆಳ್ಳಗೆ ಎದ್ದು ಬರುತ್ತದೆ. ಹೊಸಬರು ನೇರ ಗೆರೆ, ಅಡ್ಡಗೆರೆ, ತ್ರಿಕೋನಗಳಿಂದ ತೊಡಗಲಿ. ಬುಟ್ಟಿಯ ಬಾಯಿಯ ಸುತ್ತ ಒಂದು ಪಟ್ಟಿ ಸರಿಯಾಗಿ ಬಂದರೆ ಕೈ ಪಳಗುತ್ತದೆ. ಬಾಗಿಲ ಬಳಿ ಇಟ್ಟು ಚೆಂಡು ಹೂ, ಅಡಿಕೆ ಹಿಂಗಾರ ತುಂಬಿಸಿ. ನೀರು ತಾಗದಂತೆ ನೋಡಿಕೊಳ್ಳಿ.

ದೀಪಾವಳಿಗೆ ಗೂಡುದೀಪ

ಹುಣ್ಣಿಮೆಯಿಂದ ದೀಪಾವಳಿಗೆ ಎರಡೇ ವಾರ. ಕರಾವಳಿಯಲ್ಲಿ ಗೂಡುದೀಪ, ಉಳಿದೆಡೆ ಆಕಾಶಬುಟ್ಟಿ. ಮಂಗಳೂರಿನಲ್ಲಂತೂ ಇದಕ್ಕೆ ಸ್ಪರ್ಧೆಗಳೇ ನಡೆಯುತ್ತವೆ. ಬಿದಿರಿನ ಕಡ್ಡಿ ಸೀಳಿ ಕಟ್ಟಲು ಬಾರದವರಿಗೆ ಗುಜರಿಯಲ್ಲೇ ದಾರಿಯಿದೆ. ಬಟ್ಟೆ ಹರಿದುಹೋದ ಹಳೆಯ ಟೇಬಲ್ ದೀಪದ ತಂತಿ ಚೌಕಟ್ಟು ತನ್ನಿ. ತುಕ್ಕು ಉಜ್ಜಿ ಒಂದು ಕೋಟು ಬಣ್ಣ ಹಾಕಿ. ಗಾಳಿಪಟದ ಕಾಗದವನ್ನು ಪ್ರತಿ ಬದಿಯ ಅಳತೆಗಿಂತ ಅರ್ಧ ಇಂಚು ಹೆಚ್ಚಿಗೆ ಕತ್ತರಿಸಿ, ಅಂಚನ್ನು ತಂತಿಯ ಸುತ್ತ ಮಡಿಚಿ ಮೈದಾ ಅಂಟಿನಿಂದ ಅಂಟಿಸಿ. ಪುಸ್ತಕ ಬೈಂಡ್ ಮಾಡುವವರು ಹುಳ ಹತ್ತದಿರಲು ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಕೆಳಗೆ ಕಾಗದದ ಬಾಲಗಳನ್ನು ಇಳಿಬಿಡಿ. ಒಳಗೆ ಸಣ್ಣ ಎಲ್‌ಇಡಿ ಬಲ್ಬನ್ನೇ ಹಾಕಿ, ಹಳೆಯ ಬುರುಡೆ ಬಲ್ಬಿನ ಬಿಸಿಗೆ ಕಾಗದ ಹೊತ್ತಿಕೊಳ್ಳಬಹುದು.

ಗೊಂಬೆಗಳನ್ನು ಟ್ರಂಕಿಗೆ ಇಳಿಸುವಾಗ ಅವಸರ ಬೇಡ. ಎನಾಮಲ್ ಮುಟ್ಟಲು ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಒಂದು ವಾರವಾದರೂ ಬೇಕು. ಅಷ್ಟು ದಿನ ಮುಚ್ಚಳ ತೆರೆದಿಟ್ಟು ವಾಸನೆ ಹೋಗಲು ಬಿಡಿ. ಆಮೇಲೆ ಪ್ರತಿಯೊಂದು ಗೊಂಬೆಯನ್ನೂ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಭಾರದವನ್ನು ಕೆಳಗೆ, ಹಗುರದವನ್ನು ಮೇಲೆ ಇಟ್ಟು, ನಡುನಡುವೆ ಒಣಗಿದ ಬೇವಿನ ಎಲೆ ಹಾಕಿ ಚಿಲಕ ಹಾಕಿ.