ಕುಸ್ವಾರಿನ ಲೆಕ್ಕ ತಟ್ಟೆಯಿಂದ ಶುರು

2019ರ ಡಿಸೆಂಬರ್ 24ರ ರಾತ್ರಿ ಪೂಜೆಯಲ್ಲಿ ನಾನು ನಿದ್ದೆ ಹೋಗಿದ್ದೆ. ಫಾದರ್ ಪ್ರಸಂಗ ಶುರು ಮಾಡಿದ್ದು ನೆನಪಿದೆ. ಆಮೇಲೆ ನೆನಪಿರುವುದು ಮಗಳು ಮೊಣಕೈಯಲ್ಲಿ ತಿವಿದು, "ಮಮ್ಮಿ, ನಿಮ್ಮ ಕೂದಲೆಲ್ಲ ಎಣ್ಣೆ ವಾಸನೆ" ಅಂದದ್ದು. ಅವತ್ತು ಸಂಜೆ ಐದರವರೆಗೂ ನೆವ್ರಿ (ನಮ್ಮ ಕರ್ಜಿಕಾಯಿ) ಕರಿಯುತ್ತಾ ಇದ್ದೆ ಮಾರಾಯ್ರೆ. ಕರಿದದ್ದರಲ್ಲಿ ಅರ್ಧ ಬಿಸಿ ಇರುವಾಗಲೇ ಡಬ್ಬಿಗೆ ಹೋಗಿ, ಮರುದಿನ ಮೆತ್ತಗಾಗಿತ್ತು.

ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂಗಳೂರಿನ ಕ್ರಿಶ್ಚಿಯನ್ನರ ಮನೆಗಳಲ್ಲಿ ಕ್ರಿಸ್ಮಸ್ ಅಂದರೆ ಕೇಕ್ ಒಂದೇ ಅಲ್ಲ, ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಪೇರಳೆ ಹಣ್ಣಿನ ಪೆರಾಡ್, ಹೀಗೆ ಹಲವು ಬಗೆ. ಮಾಡಿ ನಾವೇ ತಿನ್ನುವುದಲ್ಲ, ತಟ್ಟೆಯಲ್ಲಿ ಜೋಡಿಸಿ ನೆರೆಕರೆಗೆಲ್ಲ ಹಂಚಬೇಕು. ಚೌತಿಗೆ, ದೀಪಾವಳಿಗೆ, ಈದ್‌ಗೆ ನಮ್ಮ ಮನೆಗೆ ಬಂದದ್ದಕ್ಕೆ ನಮ್ಮ ಉತ್ತರ ಅದು. ನಮ್ಮ ಅತ್ತೆ (ನಾವು ಮಾಂಯ್ ಅನ್ನುತ್ತೇವೆ) ಹದಿನಾಲ್ಕು ಜನರ ಕೂಡುಕುಟುಂಬದಲ್ಲಿ ಒಂಬತ್ತು ಬಗೆ ಮಾಡುತ್ತಿದ್ದರು. ನಾನು ನಾಲ್ಕು ಜನರ ಮನೆಯಲ್ಲಿ, ಆಫೀಸಿನ ಕೆಲಸದ ನಡುವೆ, ಅದೇ ಒಂಬತ್ತನ್ನು ಅದೇ ಅಳತೆಯಲ್ಲಿ ಮಾಡಲು ಹೊರಟಿದ್ದೆ.

ಬುದ್ಧಿ ಬಂದದ್ದು 2021ರಲ್ಲಿ. ಆ ಅಕ್ಟೋಬರದಲ್ಲಿ ಮಾವ ತೀರಿಕೊಂಡರು. ಸಾವಾದ ವರ್ಷ ನಮ್ಮ ಮನೆಯಲ್ಲಿ ಕುಸ್ವಾರ್ ಮಾಡುವುದಿಲ್ಲ. ಹಾಗಾಗಿ ಬಾಣಲೆ ಇಳಿಸಲಿಲ್ಲ, ಬೇರೆಯವರ ಮನೆಯಿಂದಲೇ ತಟ್ಟೆಗಳು ಬಂದವು. ಖಾಲಿ ಕೂತಿದ್ದ ನಾನು ಯಾರದ್ದು ಯಾವ ತಟ್ಟೆ ಅಂತ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಹದಿನೇಳು ಬಂದಿದ್ದವು. ಅದರಲ್ಲಿ ನಾಲ್ಕು ಮನೆಗಳಿಗೆ ಎಷ್ಟೋ ವರ್ಷದಿಂದ ನಾನು ಏನೂ ಕಳಿಸಿರಲೇ ಇಲ್ಲ! ಒಂಬತ್ತು ಬಗೆ ಮಾಡುವ ಗಡಿಬಿಡಿಯಲ್ಲಿ ಯಾರಿಗೆ ಅನ್ನುವುದೇ ಮರೆತುಹೋಗಿತ್ತು.

ಅಂದಿನಿಂದ ನನ್ನ ತಯಾರಿ ತಟ್ಟೆಯ ಪಟ್ಟಿಯಿಂದ ಶುರು. ನವೆಂಬರ್ ಕೊನೆಯ ಭಾನುವಾರ ಮಾಂಯ್ ಜೊತೆ ಕೂತು ಹೆಸರು ಬರೆಯುತ್ತೇನೆ. ಕಳೆದ ವರ್ಷ 23 ತಟ್ಟೆ. ಒಂದಕ್ಕೆ ನಾಲ್ಕು ನೆವ್ರಿ ಅಂದರೆ 92, ಮನೆಗೂ ನೆಂಟರಿಗೂ ಇಪ್ಪತ್ತೆಂಟು, ಒಟ್ಟು 120. ಅರ್ಧ ಕಿಲೋ ಮೈದಾಕ್ಕೆ ನನ್ನ ಅಚ್ಚಿನಲ್ಲಿ ನಲವತ್ತು ನೆವ್ರಿ ಆಗುತ್ತವೆ, ಹಾಗಾಗಿ ಒಂದೂವರೆ ಕಿಲೋ ಸಾಕು. ಮೊದಲು ಎಷ್ಟು ಬೇಕು ಅಂತ ಗೊತ್ತಿಲ್ಲದೆ ಮೂರು ಕಿಲೋ ಕಲಸುತ್ತಿದ್ದೆ. ಜನವರಿ ಕೊನೆವರೆಗೂ ಆಫೀಸಿನವರು ತಿಂದು ಮುಗಿಸುತ್ತಿದ್ದರು.

ಬಗೆಗಳನ್ನು ಐದಕ್ಕೆ ಇಳಿಸಿದೆ: ಪೆರಾಡ್, ಕಿಡಿಯೊ, ಕೊಕ್ಕಿಸಾಂ, ನೆವ್ರಿ, ಕೇಕ್. ಗುಳಿಯೊ ಬಿಟ್ಟದ್ದಕ್ಕೆ ಮಾಂಯ್ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆದರೆ ಅಕ್ಕಿಹಿಟ್ಟಿನ ಆ ಉಂಡೆಗಳು ಎಣ್ಣೆಯಲ್ಲಿ ಪಟಾಕಿಯ ಹಾಗೆ ಸಿಡಿಯುತ್ತವೆ, ನನ್ನ ಕೈಯಲ್ಲಿ ಇನ್ನೂ ಕಲೆ ಇದೆ. ಈಗ ಗುಳಿಯೊ ಮನೆಯಲ್ಲಿ ಮಾಡಿ ಮಾರುವ ಒಬ್ಬರಿಂದ ತರಿಸುತ್ತೇನೆ. ಮೊದಲ ಸಲ ತಂದಾಗ ಮಾಂಯ್ ಒಂದು ಬಾಯಿಗೆ ಹಾಕಿ, "ಉಪ್ಪು ಕಡಿಮೆ" ಅಂದರು. ಆಮೇಲೆ ಇನ್ನೊಂದು ತೆಗೆದುಕೊಂಡರು.

ಉಳಿದದ್ದೆಲ್ಲ ಯಾವುದು ಎಷ್ಟು ದಿನ ಕೆಡದೆ ಇರುತ್ತದೆ ಅನ್ನುವುದರ ಮೇಲೆ. ಹೆಚ್ಚು ಬಾಳುವುದು ಮೊದಲು. ಕೇಕಿನ ಒಣಹಣ್ಣು ಅಕ್ಟೋಬರದಲ್ಲೇ ರಮ್ಮಿಗೆ ಬೀಳುತ್ತದೆ. ಡಿಸೆಂಬರಿನ ಮೊದಲ ವಾರ ಪೆರಾಡ್. ಅದನ್ನು ತಳ ಬಿಡುವವರೆಗೆ ಮಗುಚುತ್ತಲೇ ಇರಬೇಕು, ಆ ಕೆಲಸ ಗಂಡನಿಗೆ. ಕ್ರಿಕೆಟ್ ನೋಡುತ್ತಾ ಮಗುಚುತ್ತಾರೆ. ಎರಡನೇ ವಾರಾಂತ್ಯ ಕಿಡಿಯೊ. ಫೋರ್ಕಿನ ಬೆನ್ನಿನ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡುವ ಕೆಲಸಕ್ಕೆ ಜನ ಬೇಕು, ಆದ್ದರಿಂದ ಅವತ್ತು ನಾದಿನಿಯ ಮಕ್ಕಳನ್ನೂ ಕರೆಯುತ್ತೇನೆ. ಅರ್ಧ ವಕ್ರ ಆಗುತ್ತವೆ, ಸಕ್ಕರೆ ಪಾಕ ಮೆತ್ತಿದ ಮೇಲೆ ಯಾರಿಗೆ ಗೊತ್ತಾಗುತ್ತದೆ? ಹದಿನೈದರ ಹೊತ್ತಿಗೆ ಕೇಕ್, 19ಕ್ಕೆ ಕೊಕ್ಕಿಸಾಂ. ಅದರ ಅಚ್ಚು ಹಿಂದಿನ ರಾತ್ರಿಯಿಂದಲೇ ಎಣ್ಣೆಯಲ್ಲಿ ಮುಳುಗಿರಬೇಕು, ಇಲ್ಲದಿದ್ದರೆ ಹಿಟ್ಟು ಬಿಡುವುದಿಲ್ಲ. ನೆವ್ರಿ ಕೊನೆಗೆ, 21ಕ್ಕೆ. ಹೂರಣಕ್ಕೆ ಎಳ್ಳು, ಕೊಬ್ಬರಿ, ಸಕ್ಕರೆ, ಗೋಡಂಬಿ, ದ್ರಾಕ್ಷಿ, ಏಲಕ್ಕಿ. ಹಸಿ ತೆಂಗಿನಕಾಯಿ ಹಾಕುವುದಿಲ್ಲ, ಬೇಗ ಹಾಳಾಗುತ್ತದೆ.

ನಮ್ಮ ಕರಾವಳಿಯಲ್ಲಿ ಡಿಸೆಂಬರಿನಲ್ಲೂ ಗಾಳಿಯಲ್ಲಿ ಪಸೆ ಇರುತ್ತದೆ. ಡಬ್ಬಿ ಹತ್ತು ಸಲ ತೆರೆದರೆ ಗರಿಗರಿ ಹೋಯಿತು. ಅದಕ್ಕೆ ದೊಡ್ಡ ಡಬ್ಬಿಗಳಿಗೆ ಟೇಪ್ ಸುತ್ತಿ ಅಟ್ಟಕ್ಕೆ ಏರಿಸುತ್ತೇನೆ. ಬಂದು ಹೋಗುವ ಕೈಗಳಿಗೆ ಅಡುಗೆಮನೆಯಲ್ಲಿ ಒಂದು ಸಣ್ಣ ಡಬ್ಬಿ. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಜಗಳ ತಪ್ಪಿಸಿದ್ದು ಆ ಸಣ್ಣ ಡಬ್ಬಿಯೇ.

ಗೋದಲಿ ಪೂರ್ತಿ ಮಗಳಿಗೆ ಬಿಟ್ಟಿದ್ದೇನೆ. ಹದಿಮೂರನೇ ತಾರೀಕು ಗೆರಟೆಗಳಲ್ಲಿ ಮಣ್ಣು ತುಂಬಿ ಭತ್ತ ಬಿತ್ತಿದರೆ 24ಕ್ಕೆ ಕುರಿಗಳ ಹಿಂದೆ ಹಸಿರು ಗದ್ದೆ ರೆಡಿ. ಒಂದು ವರ್ಷ ಅವಳು ಮರೆತಳು. ಗದ್ದೆ ಇಲ್ಲದ ಗೋದಲಿಯಲ್ಲೂ ಬಾಲಯೇಸು ಆರಾಮಾಗಿ ಮಲಗಿದ್ದ. ನನಗೂ ಅಷ್ಟೇನೂ ಬೇಜಾರಾಗಲಿಲ್ಲ, ಅದೇ ಆಶ್ಚರ್ಯ.

ಬೆಂಗಳೂರಿನಿಂದ ತಮ್ಮನ ಸಂಸಾರ ಬರುತ್ತದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. 23ರ ರೈಲಿಗೆ ಅಕ್ಟೋಬರ್ 24ಕ್ಕೇ ಕೂರಬೇಕು. ಅದನ್ನು ಅವನಿಗೆ ನೆನಪಿಸುವುದೂ ನನ್ನ ಪಟ್ಟಿಯಲ್ಲಿದೆ. ಆ ಪಟ್ಟಿ ಒಂದು ವರ್ಷ ಮೊಬೈಲಿನಲ್ಲಿತ್ತು. ಮೈದಾ ಮೆತ್ತಿದ ಬೆರಳಿಗೆ ಮೊಬೈಲ್ ತೆರೆಯುವುದಿಲ್ಲ ಅಂತ ಆಗ ಗೊತ್ತಾಯಿತು. ಈಗ ಫ್ರಿಜ್ಜಿನ ಬಾಗಿಲಲ್ಲಿ ಕಾಗದ. ಹಾದುಹೋಗುವವರೆಲ್ಲ ಓದುತ್ತಾರೆ, ನಾನು ಹೇಳಬೇಕಾಗಿಲ್ಲ.

ಹಬ್ಬದ ಊಟಕ್ಕೆ ಪೋರ್ಕ್ ಬಾಫಾತ್ (ಹಂದಿಮಾಂಸದ ಮಸಾಲೆ ಸಾರು), ಸಾನ್ನಾ (ಇಡ್ಲಿಯಂಥದ್ದು). ಮಾಂಸ ಹತ್ತನೇ ತಾರೀಕಿಗೇ ಹೇಳಿಟ್ಟು 23ಕ್ಕೆ ಬೇಯಿಸಿಬಿಡುತ್ತೇನೆ. ಎರಡು ದಿನ ಕಾಯಿಸಿ ಇಟ್ಟಷ್ಟೂ ರುಚಿ. 25ರ ಬೆಳಿಗ್ಗೆ ಸಾನ್ನಾ ಬೇಯಿಸುವುದು ಮಾತ್ರ ಬಾಕಿ.

24ರ ಮಧ್ಯಾಹ್ನ ಒಲೆ ಹಚ್ಚುವುದಿಲ್ಲ. ಊಟದ ಮೇಜಿನ ತುಂಬ ತಟ್ಟೆ ಹರಡಿ ಜೋಡಿಸುತ್ತೇವೆ, ಹಂಚುವುದು ಮರುದಿನ. ಒಂದು ವರ್ಷ ರಟ್ಟಿನ ಡಬ್ಬ ತಂದಿದ್ದೆ, ತೊಳೆಯುವ ಕೆಲಸ ಇಲ್ಲ ಅಂತ. ಮಾಂಯ್‌ಗೆ ಸರಿಬರಲಿಲ್ಲ. ಡಬ್ಬ ವಾಪಸ್ ಬರುವುದಿಲ್ಲವಲ್ಲ. ತಟ್ಟೆಯಾದರೆ ಯಾರೂ ಖಾಲಿ ಕೊಡುವುದಿಲ್ಲ, ಏನಿಲ್ಲವೆಂದರೂ ಒಂದು ಮುಷ್ಟಿ ಸಕ್ಕರೆ ಹಾಕಿ ಕೊಡುತ್ತಾರೆ. ಹಾಗಾಗಿ ಮತ್ತೆ ಸ್ಟೀಲ್ ತಟ್ಟೆಗಳೇ, ಅಡಿಯಲ್ಲಿ ನೇಲ್ ಪಾಲಿಶಿನಿಂದ ಒಂದು ಚುಕ್ಕೆ. ಕಳೆದ ವರ್ಷ 23 ಹೋಗಿ 23 ಬಂದವು. ಆದರೆ ಒಂದರಲ್ಲಿ ನಮ್ಮ ಚುಕ್ಕೆ ಇಲ್ಲ, ಅಂಚಿನಲ್ಲಿ ಯಾರದ್ದೋ ಹೆಸರಿನ ಮೊದಲ ಅಕ್ಷರ ಕೊರೆದಿದೆ. ಕೇಳಲು ನಾಚಿಕೆ. ಈ ಸಲ ಅದರಲ್ಲೇ ಕುಸ್ವಾರ್ ಜೋಡಿಸಿ, ನನಗೆ ಅನುಮಾನ ಇರುವ ಮನೆಗೆ ಮೊದಲು ಕಳಿಸಿ ನೋಡುತ್ತೇನೆ.