ಮೊದಲು ಬ್ರಾ, ಆಮೇಲೆ ಫಾರ್ಮ್: ಸ್ತನ ತೆಗೆಸಿದ ಮೇಲೆ ನಾನು ಕಲ್ತಿದ್ದು

ನಂಗೆ ಎಡಗಡೆ ಸ್ತನ ತೆಗೆದು ಆರು ವರ್ಷ ಆಯ್ತು. ಆಪರೇಷನ್ ಬಗ್ಗೆ, ಕೀಮೋ ಬಗ್ಗೆ ಹೇಳೋರು ತುಂಬಾ ಜನ ಸಿಕ್ಕಿದ್ರು, ಆದ್ರೆ ಬೆಳಿಗ್ಗೆ ಎದ್ದು ಒಳಗೆ ಏನ್ ಹಾಕ್ಕೋಬೇಕು, ಅದು ಸಂಜೆವರೆಗೂ ಒತ್ತದೆ ಚುಚ್ಚದೆ ಇರ್ಬೇಕಂದ್ರೆ ಏನ್ ನೋಡಿ ತಗೋಬೇಕು ಅಂತ ಕೂರಿಸ್ಕೊಂಡು ಹೇಳಿದವರು ಯಾರೂ ಇಲ್ಲ. ತಪ್ಪು ಮಾಡ್ತಾ ಮಾಡ್ತಾ ಕಲ್ತೆ. ಈಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಫಾರ್ಮ್ ಅಂದ್ರೆ ತೆಗೆದ ಸ್ತನದ ಜಾಗದಲ್ಲಿ ಬ್ರಾ ಒಳಗೆ ಇಟ್ಕೊಳೋ ಕೃತಕ ಸ್ತನ.

ಮೊದಲ ಕೆಲವು ವಾರ ಸರಿಯಾದ ಬ್ರಾ ಹುಡುಕೋ ಗೊಡವೆಗೇ ಹೋಗ್ಬೇಡಿ. ಗಾಯದಿಂದ ಬರೋ ನೀರು ಹೊರಗೆ ಹೋಗೋಕೆ ಹಾಕಿರೋ ಡ್ರೈನ್ ಟ್ಯೂಬ್ ಇರುತ್ತೆ, ಕೈ ಮೇಲಕ್ಕೆ ಎತ್ತೋಕಾಗಲ್ಲ, ತಲೆ ಮೇಲಿಂದ ಹಾಕ್ಕೊಳೋ ಬಟ್ಟೆ ಯಾವ್ದೂ ಆಗಲ್ಲ. ಮುಂದೆ ಬಟನ್ ಇರೋ ಸಡಿಲವಾದ ಕಾಟನ್ ಬಟ್ಟೆ, ಡ್ರೈನ್ ಬಾಟಲ್ ಇಡೋಕೆ ಒಳಗೆ ಒಂದು ಜೇಬು, ಅಷ್ಟು ಸಾಕು. ಗಾಯ ಒಣಗ್ತಾ ಬಂದ ಮೇಲೆ ಡಾಕ್ಟರ್ ಕೇಳ್ಕೊಂಡು ಹತ್ತಿ ಥರದ ಫೈಬರ್ ತುಂಬಿರೋ ಹಗುರದ ಫಾರ್ಮ್ ಹಾಕ್ಕೊಂಡೆ, ತೂಕಾನೇ ಇಲ್ಲ, ಚರ್ಮಕ್ಕೆ ಮೆತ್ತಗೆ ಇರುತ್ತೆ. ಸಿಲಿಕೋನ್ ಫಾರ್ಮಿಗೆ ಸಾಮಾನ್ಯವಾಗಿ 6ರಿಂದ 8 ವಾರ ಕಾಯಿರಿ ಅಂತಾರೆ. ರೇಡಿಯೇಷನ್ ಇದ್ರೆ ಆ ಚರ್ಮ ಪೂರ್ತಿ ವಾಸಿ ಆಗೋವರೆಗೂ, ಅಂದ್ರೆ ಇನ್ನೂ ಜಾಸ್ತಿ ದಿನ. ನಂಗೆ ಸುಮಾರು ನಾಕು ತಿಂಗಳು ಹಿಡೀತು.

ಈಗ ನನ್ನ ದೊಡ್ಡ ತಪ್ಪಿನ ವಿಷ್ಯ. ನಾನು ಮೊದಲು ಫಾರ್ಮ್ ತಗೊಂಡೆ, ಅದನ್ನ ಮನೆಗೆ ತಂದು ನನ್ನ ಹಳೇ ಬ್ರಾ ಒಳಗೆ ಇಟ್ಕೊಂಡೆ. ಕನ್ನಡಿ ಮುಂದೆ ನಿಂತಾಗ ಎಷ್ಟು ಚೆನ್ನಾಗಿ ಕಾಣ್ತು ಅಂದ್ರೆ ಅಲ್ಲೇ ಅತ್ತುಬಿಟ್ಟೆ. ಮಾರನೇ ದಿನ ಕೆಲಸದಲ್ಲಿ ಕೆಳಗೆ ಬಿದ್ದ ಪೆನ್ ತಗೊಳೋಕೆ ಬಗ್ಗಿದಾಗ ಫಾರ್ಮ್ ಕಪ್ಪಿಂದ ಜಾರಿ ಹೊಟ್ಟೆ ಹತ್ರ ಬಂತು. ಕೈಯಲ್ಲಿ ಒತ್ತಿ ಹಿಡ್ಕೊಂಡು ಬಾತ್‌ರೂಮಿಗೆ ಹೋದೆ, ಅವತ್ತು ಪೂರ್ತಿ ತೋಳನ್ನ ಎದೆಗೆ ಅಂಟಿಸ್ಕೊಂಡೇ ಕೂತಿದ್ದೆ. ತಪ್ಪು ಫಾರ್ಮಿಂದಲ್ಲ, ಬ್ರಾದು. ಹಳೇ ಬ್ರಾದಲ್ಲಿ ಫಾರ್ಮ್ ಕೂರಿಸೋ ಪಾಕೆಟ್ ಇರ್ಲಿಲ್ಲ, ಕಪ್ ಮೇಲ್ಗಡೆ ಜಾಸ್ತಿ ಇಳಿದಿತ್ತು, ಬ್ಯಾಂಡ್ ಎಲಾಸ್ಟಿಕ್ ಸತ್ತೋಗಿತ್ತು. ಅದಕ್ಕೇ ಹೇಳೋದು, ಮೊದಲು ಬ್ರಾ, ಆಮೇಲೆ ಅದರೊಳಗೆ ಕೂರೋ ಫಾರ್ಮ್.

ಆಮೇಲೆ ಅಕ್ಕ ಬಂದು ಟೇಪ್ ಹಿಡಿದು ಅಳತೆ ತಗೊಂಡ್ಳು. "ಒಂದೇ ಕಡೆ ಇದ್ರೆ ಸುತ್ತಳತೆ ಹೆಂಗೇ ತಗೊಳೋದು?" ಅಂದ್ಳು. ಎದೆ ಕೆಳಗಿನ ಸುತ್ತಳತೆ ಮಾಮೂಲಿ ಥರಾನೇ ತಗೋಬೇಕು. ಮೇಲಿಂದಕ್ಕೆ, ಇರೋ ಸ್ತನಕ್ಕೆ ಆಧಾರ ಕೊಡೋ ಬ್ರಾ ಹಾಕ್ಕೊಂಡು, ಎದೆಮೂಳೆ ನಡುವಿಂದ ಶುರುಮಾಡಿ ಸ್ತನದ ತುಂಬಿದ ಭಾಗದ ಮೇಲಿಂದ ಬೆನ್ನುಮೂಳೆವರೆಗೆ ಅಳೆದು ಅದನ್ನ ಎರಡರಷ್ಟು ಮಾಡ್ಬೇಕು. ಆಪರೇಷನ್ ಮುಂಚಿನ ಸೈಜ್ ನೆನಪಲ್ಲಿ ಇಟ್ಕೊಂಡು ಹೋಗ್ಬೇಡಿ, ಟ್ರೀಟ್‌ಮೆಂಟಲ್ಲಿ ತೂಕ ಏರಿಳಿದಿರುತ್ತೆ, ನನ್ನದು ಬ್ಯಾಂಡ್ ಸೈಜೇ ಬದಲಾಗಿತ್ತು.

ಬ್ರಾದಲ್ಲಿ ನಾನು ನೋಡೋದು ಇಷ್ಟು. ಒಳಗೆ ಮೆತ್ತನೆ ಬಟ್ಟೆಯ ಪಾಕೆಟ್, ಪೂರ್ತಿ ಮುಚ್ಚೋ ಕಪ್, ಎರಡು ಕಪ್ ಮಧ್ಯದ ಪಟ್ಟಿ ಎದೆಮೂಳೆಗೆ ಅಂಟಿ ಕೂರ್ಬೇಕು, ಕಂಕುಳ ಕೆಳಗೆ ಪಟ್ಟಿ ಎತ್ತರವಾಗಿ ಅಗಲವಾಗಿ ಇರ್ಬೇಕು. ಈ ಕೊನೇದು ತುಂಬಾ ಮುಖ್ಯ, ಯಾಕಂದ್ರೆ ಆಪರೇಷನ್ ಗಾಯದ ಕಲೆ ಮುಗಿಯೋ ಜಾಗದಲ್ಲಿ ಕಂಕುಳ ಹತ್ರ ಸುಮಾರು ಜನಕ್ಕೆ ಚರ್ಮದ ಮಡಿಕೆ ಉಳಿದಿರುತ್ತೆ, ಪಟ್ಟಿ ಕಿರಿದಾಗಿದ್ರೆ ಅದರ ಅಂಚು ಸೀದಾ ಆ ಮಡಿಕೆ ಮೇಲೇ ಕೂತು ಉಜ್ಜುತ್ತೆ. ಕಲೆ ಒತ್ತುತ್ತೆ ಅಂತ ವೈರ್ ಇರೋದು ನಾನು ಇವತ್ತಿಗೂ ಹಾಕಲ್ಲ. ತೂಕ ಹೊರೋದು ಬ್ಯಾಂಡ್, ಸ್ಟ್ರಾಪ್ ಅಲ್ಲ. ಹೊಸದನ್ನ ಕೊನೇ ಸಡಿಲದ ಹುಕ್ಕಿಗೆ ಹಾಕಿದಾಗ್ಲೇ ಬಿಗಿಯಾಗಿ ಕೂರ್ಬೇಕು, ಒಳಗೆ ಎರಡು ಬೆರಳು ಹೋಗೋವಷ್ಟು, ಹಿಗ್ತಾ ಹೋದಂಗೆ ಒಳಗಿನ ಹುಕ್ಕಿಗೆ ಬರ್ಬೋದು. ಫಾರ್ಮ್ ಇರೋ ಕಡೆ ಎತ್ತರ ಸಾಲ್ತಿಲ್ಲ ಅಂತ ಸ್ಟ್ರಾಪ್ ಎಳೀಬೇಡಿ. ಕಂಕುಳ ಗ್ರಂಥಿ ತೆಗೆದಿದ್ರೆ ಆ ಕಡೆ ಕೈ ಬಾವು ಬರೋ ಭಯ ಇದ್ದೇ ಇರುತ್ತೆ, ಹೆಗಲ ಮೇಲೆ ಗುಳಿ ಬೀಳೋ ಥರ ಕಟ್ಟೋ ಸ್ಟ್ರಾಪ್ ಬೇಡವೇ ಬೇಡ, ಅಗಲದ್ದು ತಗೊಳ್ಳಿ.

ಕಪ್ ಸರಿ ಇದ್ಯಾ ಅಂತ ಮೊದಲು ಇರೋ ಸ್ತನದ ಮೇಲೆ ನೋಡಿ. ಅಲ್ಲಿ ಸರಿಯಾಗಿ ಕೂತ ಮೇಲೆ ಖಾಲಿ ಕಪ್ಪಿಗೆ ಫಾರ್ಮ್ ಹುಡುಕಿ. ಫಾರ್ಮಿನ ಸೈಜ್ ನಂಬರ್ ಬ್ರಾ ಸೈಜ್ ಥರ ಇರಲ್ಲ, ಒಂದೊಂದು ಕಂಪನಿದು ಒಂದೊಂದು ಚಾರ್ಟ್. ಕಪ್ ಸುಕ್ಕು ಬಿದ್ರೆ ಫಾರ್ಮ್ ಚಿಕ್ಕದು, ಅಂಚು ಹೊರಗೆ ಇಣುಕಿದ್ರೆ ದೊಡ್ಡದು. ಆಕಾರದಲ್ಲೂ ಬೇರೆ ಬೇರೆ ಇದೆ, ಎರಡೂ ಕಡೆ ಇಟ್ಕೊಳೋ ತ್ರಿಕೋನ, ಕೆಳಗೆ ತುಂಬಿರೋ ಹನಿ ಆಕಾರ, ಮತ್ತೆ ಕಂಕುಳ ಕಡೆ ಬಾಲ ಇರೋ ಎಡ-ಬಲ ಬೇರೆ ಬೇರೆ ಇರೋದು. ನಂಗೆ ಕಂಕುಳ ಹತ್ರ ಜಾಸ್ತಿ ತೆಗೆದಿದ್ರಿಂದ ಈ ಕೊನೇದೇ ಸರಿಹೋಯ್ತು. ಬಾರ್ಬಿ ಗೊಂಬೆ ತಂದ ರೂತ್ ಹ್ಯಾಂಡ್ಲರ್‌ಗೆ 1970ರಲ್ಲಿ ಇದೇ ಆಪರೇಷನ್ ಆಗಿತ್ತು, ಸಿಗ್ತಿದ್ದ ಫಾರ್ಮ್‌ಗಳು ಯಾವ್ದೂ ಸರಿಹೋಗ್ದೆ ಆಕೆ ತಾನೇ ಎಡ-ಬಲ ಬೇರೆ ಮಾಡಿ ತಯಾರಿಸೋಕೆ ಶುರುಮಾಡಿದ್ರು. ಓದಿದಾಗ ಅಯ್ಯೋ ನಂಗಾಗಿದ್ದೇ ಅವರಿಗೂ ಆಗಿದ್ದು ಅನ್ನಿಸ್ತು.

ತೂಕದ ವಿಷ್ಯದಲ್ಲಿ ಜನ ಹಗುರ ಇದ್ರೆ ಒಳ್ಳೇದು ಅಂದ್ಕೊತಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ತೀರಾ ಹಗುರದ್ದು ಹಾಕ್ಕೊಂಡಾಗ ಆ ಕಡೆ ಬ್ರಾ ಮೇಲಕ್ಕೆ ಏರ್ತಾ ಹೋಗುತ್ತೆ, ಗಂಟೆಗೊಂದ್ಸಲ ಎಳೀತಿರ್ಬೇಕು. ಸ್ವಲ್ಪ ತೂಕ ಇರೋದೇ ನಂಗೆ ಹಿತ. ಎದೆ ದೊಡ್ಡದಿರೋರಿಗೆ, ಕೈ ಬಾವು ಇರೋರಿಗೆ ಹಗುರ ಸಿಲಿಕೋನ್ ಒಳ್ಳೇದು. ಮನೇಲಿ ಇರುವಾಗ ನಾನು ಕಾಟನ್ ನೂಲಲ್ಲಿ ಹೆಣೆದಿರೋ ಫಾರ್ಮ್ ಹಾಕ್ಕೊತೀನಿ, ಬೆವರು ಕೂರಲ್ಲ, ಒಗೆದು ಒಣಗಿಸ್ಬೋದು. ಮೇಲಕ್ಕೆ ಏರ್ದೇ ಇರ್ಲಿ ಅಂತ ಅದರ ತಳಕ್ಕೆ ನುಣುಪಾದ ಗಾಜಿನ ಮಣಿ ಚಿಕ್ಕ ಬಟ್ಟೆ ಚೀಲದಲ್ಲಿ ಕಟ್ಟಿ ಹಾಕಿದೀನಿ.

ಟ್ರಯಲ್ ರೂಮಲ್ಲಿ ಸುಮ್ನೆ ನಿಂತು ನೋಡ್ಬೇಡಿ. ತೆಳು ಟೀ ಶರ್ಟ್ ತಗೊಂಡು ಹೋಗಿ, ಹಾಕ್ಕೊಂಡು ಎರಡೂ ಕೈ ಎತ್ತಿ, ಬಗ್ಗಿ, ಪಕ್ಕಕ್ಕೆ ತಿರುಗಿ ನೋಡಿ, ಕುರ್ಚಿ ಮೇಲೆ ಹತ್ತು ನಿಮಿಷ ಕೂತ್ಕೊಳ್ಳಿ, ಜೊತೆಗೆ ಬಂದವರನ್ನ ಒಂದ್ಸಲ ಅಪ್ಪಿಕೊಳ್ಳಿ. ನಾನು ಅಕ್ಕನ್ನ ಅಪ್ಪಿಕೊಂಡೇ ನೋಡಿದ್ದು. "ಏನೂ ಗೊತ್ತಾಗಲ್ಲ ಬಿಡೇ" ಅಂದ್ಳು, ಅದನ್ನೇ ತಗೊಂಡೆ.

ಒಂದು ವಿಷ್ಯ ಯಾರೂ ನಂಗೆ ಹೇಳಿರ್ಲಿಲ್ಲ. ಕಲೆ ಸುತ್ತ ಚರ್ಮ ಜೋಮು ಹಿಡಿದಂಗೆ ಇರುತ್ತೆ, ಅಲ್ಲಿ ಉಜ್ಜಿದ್ರೂ ನೋವೇ ಗೊತ್ತಾಗಲ್ಲ. ಒಂದಿನ ರಾತ್ರಿ ಬ್ರಾ ತೆಗೆದಾಗ ಪಾಕೆಟ್ ಹೊಲಿಗೆ ಕೂರೋ ಜಾಗದಲ್ಲಿ ಉಗುರಿನಷ್ಟು ಚರ್ಮ ಸುಲಿದು ಬಟ್ಟೆಗೆ ಅಂಟಿತ್ತು, ನಂಗೆ ದಿನವಿಡೀ ಏನೂ ಅನ್ನಿಸಿರ್ಲೇ ಇಲ್ಲ. ಎದೆ ಹೇಳಲ್ಲ, ಕಣ್ಣೇ ನೋಡ್ಬೇಕು. ಅವತ್ತಿಂದ ಮಲಗೋಕೆ ಮುಂಚೆ ಕೈಗನ್ನಡಿ ಹಿಡ್ಕೊಂಡು ಕಂಕುಳಿಂದ ಎದೆಮೂಳೆವರೆಗೆ ನೋಡ್ತೀನಿ. ಕೆಂಪು ಗೆರೆ ಅರ್ಧ ಗಂಟೆಯಲ್ಲಿ ಹೋದ್ರೆ ಸರಿ, ಹೋಗ್ಲಿಲ್ಲ ಅಂದ್ರೆ ಮಾರನೇ ದಿನ ಆ ಬ್ರಾ ಹಾಕಲ್ಲ. ದದ್ದು, ಗಂಟು ಏನಾದ್ರೂ ಕಂಡ್ರೆ ಡಾಕ್ಟರ್ ಹತ್ರ.

ಸಿಲಿಕೋನ್ ಫಾರ್ಮನ್ನ ದಿನಾ ಸೌಮ್ಯ ಸೋಪಲ್ಲಿ ತೊಳೆದು, ಒರೆಸಿ, ಅದರದ್ದೇ ಡಬ್ಬಿಯಲ್ಲಿ ಇಡ್ಬೇಕು, ಹಂಗೇ ಎಲ್ಲೋ ಇಟ್ರೆ ಆಕಾರ ಹೋಗುತ್ತೆ. ಪಿನ್, ಉಗುರು, ಬೆಕ್ಕು, ಎಲ್ಲದರಿಂದ ದೂರ. ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳಿಕೆ ಬರುತ್ತೆ, ಬ್ರಾ ಅಷ್ಟು ದಿನ ಬರಲ್ಲ. ಇನ್ನು ಏನೂ ಹಾಕ್ಕೊಳ್ದೆ ಹಂಗೇ ಚಪ್ಪಟೆಯಾಗಿ ಇರ್ತೀನಿ ಅನ್ನೋರು ಹಂಗೇ ಇರಿ, ನಾನೂ ಭಾನುವಾರ ಬಹಳ ಸಲ ಹಂಗೇ ಇರ್ತೀನಿ.

ನನ್ನ ಮೊದಲನೇ ಫಾರ್ಮ್ ಎರಡೂವರೆ ವರ್ಷಕ್ಕೆ ಅಂಚಲ್ಲಿ ಜಿನುಗೋಕೆ ಶುರುವಾಯ್ತು, ಟೇಪ್ ಹಚ್ಚಿ ಒಂದು ವಾರ ತಳ್ಳಿದೆ. ಹೊಸದು ತಗೊಳೋಕೆ ಹೋಗೋ ಹಿಂದಿನ ದಿನ ಅಕ್ಕ ಮತ್ತೆ ಅಳತೆ ಟೇಪ್ ಹಿಡ್ಕೊಂಡು ಬಂದ್ಳು. ಅಷ್ಟರಲ್ಲಿ ನಾನು ಇನ್ನೊಂದು ಸೈಜ್ ದಪ್ಪ ಆಗಿದ್ದೆ, ಹಾಗಾಗಿ ಫಾರ್ಮಿಗೆ ಮುಂಚೆ ಮತ್ತೆ ಬ್ರಾನೇ ಹುಡುಕಿದ್ವಿ.