ಕತ್ತು ನೋವು ಬೆರಳಿಗಿಳಿದರೆ: ನರದ ತೊಂದರೆಯನ್ನು ಗುರುತಿಸುವುದು ಹೇಗೆ?

ತಿಂಗಳುಗಟ್ಟಲೆ ಬಿಡದ ಕತ್ತು ನೋವಿಗೆ ಬಹುಪಾಲು ಸ್ನಾಯುಗಳ ಬಿಗಿತ, ಕೀಲುಗಳ ಸವೆತವೇ ಕಾರಣ. ಅಂಥ ನೋವು ಹೆಚ್ಚಾಗಿ ಕತ್ತು, ಹೆಗಲಿನ ಸುತ್ತಲೇ ಇರುತ್ತದೆ. ನರದ ಬೇರು (ಬೆನ್ನುಹುರಿಯಿಂದ ನರ ಹೊರಡುವ ಬುಡ) ಒತ್ತಿಕೊಂಡಾಗ ಸಾಮಾನ್ಯವಾಗಿ ಒಂದೇ ಕೈಯಲ್ಲಿ ಚುಳುಕು ಇಳಿದು, ಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ಹಾಗಾಗಿ ಸ್ಕ್ಯಾನಿಂಗ್‌ಗೆ ಓಡುವ ಮೊದಲು ಬೆರಳುಗಳನ್ನು ಗಮನಿಸಿ.

ಮೊದಲ ಕೆಲಸ: ಬರೆದಿಡುವುದು

ಒಂದು ವಾರ ಜೋಮು ಯಾವ ಬೆರಳಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುವಾಗ ಬಂತು ಎಂದು ಬರೆದಿಡಿ. ಕತ್ತಿನಲ್ಲಿ 7 ಮೂಳೆಗಳು, 8 ಜೊತೆ ನರಬೇರುಗಳಿವೆ. 6ನೇ ಬೇರು ಒತ್ತಿಕೊಂಡರೆ ಹೆಬ್ಬೆರಳು, ತೋರುಬೆರಳು, 7ನೆಯದಾದರೆ ನಡುಬೆರಳು, 8ನೆಯದಾದರೆ ಕಿರುಬೆರಳು, ಉಂಗುರ ಬೆರಳು. ಒಬ್ಬರಿಂದೊಬ್ಬರಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ.

ಇಲ್ಲೇ ಎಡವುವುದು ಹೆಚ್ಚು. ಮಣಿಕಟ್ಟಿನಲ್ಲಿ ಅಥವಾ ಮೊಣಕೈಯಲ್ಲಿ ನರ ಸಿಕ್ಕಿಕೊಂಡರೂ ಬೆರಳು ಮರಗಟ್ಟುತ್ತದೆ. ಉಂಗುರ ಬೆರಳನ್ನು ಹತ್ತಿಯಿಂದ ಎರಡೂ ಬದಿ ಸವರಿ ನೋಡಿ. ಒಂದು ಬದಿಗೆ ಸ್ಪರ್ಶ ಚೆನ್ನಾಗಿ ತಿಳಿದು ಇನ್ನೊಂದು ಬದಿ ಮಂದವಾಗಿದ್ದರೆ ತೊಂದರೆ ಕತ್ತಿನಲ್ಲಲ್ಲ, ಕೈಯಲ್ಲಿರುವ ಸಾಧ್ಯತೆ ಹೆಚ್ಚು. ರಾತ್ರಿ ಎಚ್ಚರವಾಗಿ ಕೈ ಕೊಡವಿದಾಗ ಹಗುರಾದರೆ ಮಣಿಕಟ್ಟನ್ನು ಸಂಶಯಿಸಿ. ಮೊಣಕೈ ಮಡಚಿ ಫೋನ್ ಹಿಡಿದಾಗ ಕಿರುಬೆರಳು ಜೋಮು ಹಿಡಿದರೆ ಮೊಣಕೈಯನ್ನು. ಎರಡೂ ಪಾದಗಳಲ್ಲಿ ಜೋಮಿದ್ದರೆ ಸಕ್ಕರೆ ಮತ್ತು ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಎರಡನೆಯದು: ಭಂಗಿ ಮತ್ತು ಬಲ

ನೋವಿರುವ ಕೈಯನ್ನು ಎತ್ತಿ ಅಂಗೈಯನ್ನು ನೆತ್ತಿಯ ಮೇಲಿಡಿ. ನೋವು ಇಳಿದರೆ ನರಬೇರಿನ ಎಳೆತ ತಗ್ಗಿದೆ ಎಂದರ್ಥ. ಇದು ಒಳ್ಳೆಯ ಸುಳಿವು. ತಲೆಯನ್ನು ಹಿಂದಕ್ಕೂ ನೋವಿನ ಕಡೆಗೂ ವಾಲಿಸಿದಾಗ ಕೈಗೆ ಚುಳುಕು ಇಳಿಯುವುದು ಇನ್ನೊಂದು ಸುಳಿವು. ತಲೆಯನ್ನು ಒತ್ತಿ ನೋಡುವ ಪರೀಕ್ಷೆ ವೈದ್ಯರದ್ದು, ಮನೆಯಲ್ಲಿ ಬೇಡ. ಮಡಚಿದ ಮೊಣಕೈಯನ್ನು ಒತ್ತಡದ ವಿರುದ್ಧ ನೇರ ಮಾಡುವುದು, ಮಣಿಕಟ್ಟನ್ನು ಮೇಲೆತ್ತುವುದು, ಮುಷ್ಟಿ ಬಿಗಿಯುವುದು: ಈ ಮೂರರಲ್ಲಿ ಎರಡೂ ಕೈಗಳ ಬಲ ಹೋಲಿಸಿ.

ಕಾಯಬಾರದ ಲಕ್ಷಣಗಳು

ಗುಂಡಿ ಹಾಕಲು ತಡವರಿಸುವುದು, ಅಕ್ಷರ ಕೆಡುವುದು, ನಡೆಯುವಾಗ ತೂರಾಡುವುದು, ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹೊಡೆದಂತಾಗುವುದು: ಇವು ಬೆನ್ನುಹುರಿಯೇ ಒತ್ತಿಕೊಂಡಿರುವ ಸೂಚನೆ ಇರಬಹುದು. ನೋವೇ ಇಲ್ಲದೆಯೂ ಇವು ಬರುತ್ತವೆ, ಅದಕ್ಕೇ ಅಪಾಯ. ತಡಮಾಡದೆ ತಜ್ಞರನ್ನು ಕಾಣಿ. ಮೂತ್ರ, ಮಲದ ಹತೋಟಿ ತಪ್ಪಿದರೆ ಅಥವಾ ಕೈಯ ಬಲ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದ ತೂಕ ಇಳಿಕೆ, ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್ ಆಗಿದ್ದುದನ್ನು ಮುಚ್ಚಿಡಬೇಡಿ. ಕೈನೋವಿನ ಜತೆ ಎದೆ ಬಿಗಿತ, ಬೆವರು ಇದ್ದರೆ ಕತ್ತಿನ ಯೋಚನೆ ಬಿಟ್ಟು ತುರ್ತು ಚಿಕಿತ್ಸೆ ಪಡೆಯಿರಿ.

ಪರೀಕ್ಷೆಗಳ ವಿಷಯ

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣದು. ಎಂಆರ್‌ಐಯಲ್ಲಿ ಕಾಣುತ್ತದೆ, ಆದರೆ ನೋವೇ ಇಲ್ಲದವರಲ್ಲೂ ಉಬ್ಬಿದ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಸಾಮಾನ್ಯ. ಉಬ್ಬು ಬಲಗಡೆ ಇದ್ದು ಜೋಮು ಎಡಗೈಯಲ್ಲಿದ್ದರೆ ಆ ವರದಿಗೆ ಹೆದರಬೇಕಿಲ್ಲ. ನೀವು ಬರೆದಿಟ್ಟ ಬೆರಳಿಗೂ ಚಿತ್ರಕ್ಕೂ ತಾಳೆಯಾಗುತ್ತದೆಯೇ ಎಂದು ನೇರವಾಗಿ ಕೇಳಿ. ಬಲ ಕುಂದಿದ ಮೊದಲ ವಾರದಲ್ಲೇ ಸೂಜಿ ಹಾಕಿ ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆ ಮಾಡಿಸಿದರೆ ದೋಷ ಕಾಣದೇ ಹೋಗಬಹುದು. ಬದಲಾವಣೆಗಳು ಗೋಚರಿಸಲು ಸುಮಾರು 3 ವಾರ ಬೇಕು.

ಅಲ್ಲಿಯವರೆಗೆ

ಬೆನ್ನುಹುರಿಯ ಲಕ್ಷಣಗಳಿಲ್ಲದಿದ್ದರೆ ನರಬೇರಿನ ನೋವು ಬಹುಪಾಲು ಜನರಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರ, ತಿಂಗಳುಗಳಲ್ಲಿ ತಗ್ಗುತ್ತದೆ. ಪರದೆ ಕಣ್ಣಿನ ಮಟ್ಟಕ್ಕಿರಲಿ, ಅರ್ಧ ಗಂಟೆಗೊಮ್ಮೆ ಎದ್ದೇಳಿ. ಮಗ್ಗುಲಾಗಿ ಮಲಗಿದಾಗ ದಿಂಬು ಕಿವಿಗೂ ಹಾಸಿಗೆಗೂ ನಡುವಿನ ಸಂದು ತುಂಬುವಷ್ಟು ಎತ್ತರ ಇರಬೇಕು. ಗಲ್ಲವನ್ನು ಬಗ್ಗಿಸದೆ ನೇರ ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯಿರಿ, 10 ಸಲ. ಚುಳುಕು ಬೆರಳಿನತ್ತ ಇಳಿದರೆ ನಿಲ್ಲಿಸಿ. ಕತ್ತಿನತ್ತ ಹಿಂದೆ ಸರಿದರೆ ಮುಂದುವರಿಸಬಹುದು. ಕತ್ತಿನ ಪಟ್ಟಿ ಕೆಲವು ದಿನಗಳಿಗಷ್ಟೇ, ಹೆಚ್ಚು ಕಾಲ ಕಟ್ಟಿದರೆ ಸ್ನಾಯು ಸೊರಗುತ್ತದೆ. ಕತ್ತಿನ ನಟಿಕೆ ತೆಗೆಸುವುದಂತೂ ಬೇಡವೇ ಬೇಡ, ಮಿದುಳಿಗೆ ಹೋಗುವ ರಕ್ತನಾಳ ಹರಿದ ಉದಾಹರಣೆಗಳಿವೆ. ನರದ ನೋವಿಗೆ ಪ್ರೀಗ್ಯಾಬಲಿನ್‌ನಂಥ ಮಾತ್ರೆ ಕೊಟ್ಟಿದ್ದರೆ ಅದನ್ನು ಥಟ್ಟನೆ ಬಿಡಬೇಡಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ.